ಕುಳಿಯಂಚಿನ ನ್ಯಾಯ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿರುವುದು ಆ ಸೀಮೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ತಂದೆ ತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಸತ್ಯವನ್ನೇ ನುಡಿಯಬೇಕು ಎಂಬ ವಿಧಿಗಳು ಅಲ್ಲಿ ಕಾಣುತ್ತವೆ. ಸತ್ಯ ನುಡಿಯದವನಿಗೆ ಏನು ದಂಡ ಎಂಬುದು ಮಾತ್ರ ಆ ಸಾಲುಗಳಲ್ಲಿ ಇಲ್ಲ. ವಿಧಿಯನ್ನು ಕಲ್ಲಿನಲ್ಲಿ ಕೊರೆಸಿದ ಅರಸು, ದಂಡವನ್ನು ಕೇಳುವವನ ಮನಸ್ಸಿಗೆ ಬಿಟ್ಟ.

ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನ ಆ ಬಂಡೆಯಿಂದ ಗಾಲ್ಫ್ ಆಟದ ಹುಲ್ಲುಹಾಸಿಗೆ ಹೋಗುವುದು ದೊಡ್ಡ ಜಿಗಿತವೆಂದು ತೋರಬಹುದು. ಆದರೆ ಗಾಲ್ಫ್ ನಿಯಮಗಳ ಚರಿತ್ರೆ ಬಹುಮಟ್ಟಿಗೆ ಇದೇ ಪ್ರಶ್ನೆಯ ಚರಿತ್ರೆ. ನೋಡುವವರು ಯಾರೂ ಇಲ್ಲದ ಕಡೆ ನಿಯಮವನ್ನು ಕಾಯುವವರು ಯಾರು? ಕ್ರಿಕೆಟ್ಟಿಗೆ ಅಂಪೈರ್ ಇದ್ದಾರೆ, ಕಬಡ್ಡಿಗೆ ರೆಫರಿ ಇದ್ದಾರೆ. ಗಾಲ್ಫ್ ಆಟಗಾರರು ವಿಶಾಲ ಬಯಲಿನಲ್ಲಿ ಚದುರಿ ಹೋಗಿ ಆಡುತ್ತಾರೆ; ಒಬ್ಬೊಬ್ಬರ ಹಿಂದೆಯೂ ತೀರ್ಪುಗಾರರನ್ನು ಕಳಿಸುವುದು ಆಗದ ಕೆಲಸ. ಆದ್ದರಿಂದ ತನ್ನ ತಪ್ಪನ್ನು ತಾನೇ ಹೇಳಿ, ದಂಡವನ್ನು ತಾನೇ ಬರೆದುಕೊಳ್ಳುವುದು ಅಲ್ಲಿಯ ಪದ್ಧತಿ. ಈ ಪದ್ಧತಿಯ ನಡುವೆ ಒಂದು ದಿನ ದೂರದರ್ಶನದ ಕ್ಯಾಮೆರಾ ಬಂದು ನಿಂತಿತು. ಮುಂದೆ ಆದದ್ದು ನನ್ನ ವೃತ್ತಿಯವರೆಲ್ಲ ಯೋಚಿಸಬೇಕಾದ ಕಥೆ.

ಮೊದಲು ಆಟದ ಪರಿಚಯವಾಗಲಿ. ಗಾಲ್ಫ್ ಎಂದೊಡನೆ ‘ಅದು ಸಾಹುಕಾರರ ಆಟವಲ್ಲವೇ’ ಎಂದು ಚಳ್ಳಕೆರೆಯ ಹುಡುಗನೊಬ್ಬ ಕೇಳಿದರೆ ತಪ್ಪೇನೂ ಇಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ಆರಂಭವಾದದ್ದು 1876ರಲ್ಲಿ, ಬ್ರಿಟಿಷರಿಂದ. ಆದರೆ ಬೆಂಗಳೂರಿನಲ್ಲಿ ಬೇರೆಯವರ ಚೀಲ ಹೊರುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಹತ್ತಿರದ ಹಳ್ಳಿಯ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಹೆಸರು ಮಾಡಿದರು. ಹಾಗಾಗಿ ಆ ಪ್ರಶ್ನೆಗೆ ಈಗ ಹೌದು ಎಂದಷ್ಟೇ ಉತ್ತರ ಹೇಳಿದರೆ ಸಾಲದು.

ಆಟದ ತಿರುಳು ಸರಳ. ದೂರದಿಂದ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಬಂದು ನೆಲದಲ್ಲಿ ತೋಡಿದ ಕುಳಿಗೆ ಬೀಳಿಸಬೇಕು. ಇಂಥ ಹದಿನೆಂಟು ಕುಳಿಗಳು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆದ್ದಂತೆ. ದಂಡವೆಂದರೆ ಹಣವಲ್ಲ, ನಿಮ್ಮ ಲೆಕ್ಕಕ್ಕೆ ಸೇರುವ ಒಂದೋ ಎರಡೋ ಹೆಚ್ಚಿನ ಹೊಡೆತ. ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗಕ್ಕೆ ಪಟ್ಟಿಂಗ್ ಗ್ರೀನ್ ಎನ್ನುತ್ತಾರೆ. ಅಲ್ಲಿ ಚೆಂಡನ್ನು ಎತ್ತರಕ್ಕೆ ಹೊಡೆಯದೆ ಮೆಲ್ಲಗೆ ಉರುಳಿಸುವುದಕ್ಕೆ ಪಟ್ ಎಂದು ಹೆಸರು. ಕುಳಿಯ ಅಗಲ ನಾಲ್ಕೂಕಾಲು ಅಂಗುಲ, ಅಂದರೆ 108 ಮಿಲಿಮೀಟರ್. ಈ ಅಳತೆ ನಿಗದಿಯಾದದ್ದು 1891ರಲ್ಲಿ. ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ನಮ್ಮ ಗೋಲಿಯಾಟ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೋಲಿಯಲ್ಲಿ ಸೋತವನು ಮುಷ್ಟಿ ಒಡ್ಡಿ ಗೆಣ್ಣಿಗೆ ಹೊಡೆಸಿಕೊಳ್ಳುತ್ತಾನೆ. ದಂಡ ತೀರಿತು. ಗಾಲ್ಫಿನ ದಂಡ ಕಾಗದದ ಮೇಲೆ ಉಳಿಯುತ್ತದೆ.

ಗಾಲ್ಫಿಗೆ ಬರಹದಲ್ಲಿ ಉಳಿದಿರುವ ಅತ್ಯಂತ ಹಳೆಯ ನಿಯಮಾವಳಿ 1744ರದು. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದವರು ಬೆಳ್ಳಿಯ ಗಾಲ್ಫ್ ಕೋಲೊಂದನ್ನು ಬಹುಮಾನವಾಗಿ ಕೊಟ್ಟಾಗ ಲೀತ್ ಎಂಬಲ್ಲಿ ಆಡುತ್ತಿದ್ದ ಗಣ್ಯರು 13 ನಿಯಮಗಳನ್ನು ಬರೆದಿಟ್ಟರು. ವಿಚಿತ್ರವೆಂದರೆ ಅದರಲ್ಲಿ ಗ್ರೀನ್ ಎಂಬ ಪ್ರತ್ಯೇಕ ಜಾಗವೇ ಇಲ್ಲ. ಒಂದು ಕುಳಿ ಮುಗಿದ ಮೇಲೆ ಅದರಿಂದ ಒಂದು ಕೋಲಿನಳತೆಯ ಒಳಗೇ ಚೆಂಡಿಟ್ಟು ಮುಂದಿನದಕ್ಕೆ ಹೊಡೆಯಬೇಕಿತ್ತು. ಕುಳಿಯ ಸುತ್ತಮುತ್ತ ನೆಲ ಎಷ್ಟು ತುಳಿಸಿಕೊಂಡಿರಬೇಕೆಂದು ನೀವೇ ಊಹಿಸಿ. ಹುಲ್ಲು ಕತ್ತರಿಸುವ ಯಂತ್ರ ಇನ್ನೂ ಹುಟ್ಟಿರಲಿಲ್ಲ. ಸಮುದ್ರದಂಡೆಯ ಆ ಬಯಲುಗಳಲ್ಲಿ ಹುಲ್ಲನ್ನು ಗಿಡ್ಡವಾಗಿಡುತ್ತಿದ್ದವರು ಕುರಿಗಳು ಮತ್ತು ಮೊಲಗಳು. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲಿನಲ್ಲಿ ಕುರಿಮಂದೆ ಮೇದು ಹೋದ ಮೇಲಿನ ನೆಲವನ್ನು ಕಂಡವರಿಗೆ ಅಂದಿನ ಗಾಲ್ಫ್ ಮೈದಾನದ ಸುಮಾರು ಚಿತ್ರ ಸಿಗುತ್ತದೆ. ಅಂಥ ನೆಲದ ಮೇಲೂ ಒಂದು ನಿಯಮ ಸ್ಪಷ್ಟವಾಗಿತ್ತು: ಕುಳಿಯ ಬಳಿ ಬಂದವನು ಪ್ರಾಮಾಣಿಕವಾಗಿ ಕುಳಿಯತ್ತಲೇ ಆಡಬೇಕು, ದಾರಿಗೆ ಅಡ್ಡ ಇಲ್ಲದ ಎದುರಾಳಿಯ ಚೆಂಡಿಗೆ ಬೇಕೆಂದೇ ಹೊಡೆಯಕೂಡದು.

ದಾರಿಗೆ ಅಡ್ಡ ಇದ್ದರೆ? ಅಲ್ಲಿಂದ ಇನ್ನೂರು ವರ್ಷಗಳ ಜಗಳ ಶುರುವಾಯಿತು. ಇದಕ್ಕೆ ಸ್ಟೈಮಿ ಎಂದು ಹೆಸರು. ಇಬ್ಬರ ನಡುವಿನ ಪಂದ್ಯದಲ್ಲಿ ಎದುರಾಳಿಯ ಚೆಂಡು ನಿಮ್ಮ ಚೆಂಡಿಗೂ ಕುಳಿಗೂ ನಡುವೆ ನಿಂತರೆ, ಎರಡು ಚೆಂಡುಗಳ ಅಂತರ ಆರು ಅಂಗುಲಕ್ಕಿಂತ ಹೆಚ್ಚಿದ್ದಲ್ಲಿ ಅದನ್ನು ಎತ್ತಿಸುವಂತಿರಲಿಲ್ಲ. ಬಳಸಿಕೊಂಡು ಹೋಗಬೇಕು ಅಥವಾ ಮೇಲೆ ಹಾರಿಸಬೇಕು. ಅಳೆಯುವುದಕ್ಕೆ ಅನುಕೂಲವಾಗಲೆಂದು ಅಂಕ ಬರೆಯುವ ಕಾರ್ಡನ್ನೇ ಆರು ಅಂಗುಲದ ಉದ್ದಕ್ಕೆ ಮುದ್ರಿಸುತ್ತಿದ್ದುದೂ ಉಂಟು. ಇದು ಜಾಣ್ಮೆಯ ಪರೀಕ್ಷೆಯೆಂದು ಕೆಲವರು, ಅದೃಷ್ಟದ ಆಟವೆಂದು ಕೆಲವರು. ಕಡೆಗೆ ಬ್ರಿಟನ್ನಿನ ಮತ್ತು ಅಮೆರಿಕದ ಆಡಳಿತ ಸಂಸ್ಥೆಗಳು 1951ರಲ್ಲಿ ಒಂದು ಒಪ್ಪಂದಕ್ಕೆ ಬಂದು, 1952ರಿಂದ ಜಗತ್ತಿಗೆಲ್ಲ ಒಂದೇ ನಿಯಮಾವಳಿ ತಂದಾಗ ಸ್ಟೈಮಿ ಹೋಯಿತು. ಹೋದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಬೇರೆಯವನ ಚೆಂಡು ನಿಂತ ಜಾಗಕ್ಕೆ ನಾನೇಕೆ ದಂಡ ತೆರಬೇಕು?

ಒಣ ಸೀಮೆಗಳ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ನೀರಿಲ್ಲದ ಕಡೆ ನುಣುಪು ಹುಲ್ಲು ಬೆಳೆಸುವುದು ಸಾಧ್ಯವಾಗದೆ, ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳನ್ನು ಹರಡುತ್ತಿದ್ದರು. ಅದು ಹಸಿರಲ್ಲವಾದ್ದರಿಂದ ಅದಕ್ಕೆ ‘ಬ್ರೌನ್’ ಎಂದೇ ಹೆಸರಾಯಿತು. ಎಣ್ಣೆಗಿರಣಿಗಳ ಊರಾದ ಚಳ್ಳಕೆರೆಯವರು ಕಿವಿ ನಿಮಿರಿಸುವುದು ಬೇಡ. ಶೇಂಗಾ ಎಣ್ಣೆಯನ್ನು ಯಾರೂ ಹಾಗೆ ಪೋಲು ಮಾಡಲಿಲ್ಲ, ಯಂತ್ರದ ಹಳೆಯ ಎಣ್ಣೆಯೇ ಸಾಕಾಗುತ್ತಿತ್ತು. ಇಂಥ ಮರಳಿನ ಮೇಲೆ ಹೆಜ್ಜೆ ಮೂಡುವುದು ಸಹಜವಾದ್ದರಿಂದ, ಪಟ್ ಮಾಡುವ ಮುನ್ನ ದಾರಿಯನ್ನು ಎಳೆದು ಸಮ ಮಾಡಿಕೊಳ್ಳಲು ಬಿಡುತ್ತಿದ್ದರು. ಹುಲ್ಲಿನ ಗ್ರೀನಿನ ಮೇಲೆ ಅದೇ ಕೆಲಸ ಅಪರಾಧ. ಮುಂದೆ ಹೋದವನ ಬೂಟಿನ ಮೊಳೆ ಕಿತ್ತ ಹುಲ್ಲನ್ನು ನಿಮ್ಮ ದಾರಿಯಲ್ಲಿ ಒತ್ತಿ ಸರಿಪಡಿಸಿದರೆ 2018ರ ಕೊನೆಯವರೆಗೂ ಎರಡು ಹೊಡೆತಗಳ ದಂಡವಿತ್ತು. ಗ್ರೀನಿನ ಮೇಲಿಂದ ಉರುಳಿಸಿದ ಚೆಂಡು ಕುಳಿಯಲ್ಲಿ ನೆಟ್ಟ ಬಾವುಟದ ಕೋಲಿಗೆ ತಗುಲಿದರೂ ಎರಡು.

ಎಲ್ಲಕ್ಕಿಂತ ಕಠಿಣವಾದದ್ದು ಚೆಂಡು ಅಲುಗಿದರೆ ತೆರಬೇಕಾದ ದಂಡ. ನಿಂತ ಚೆಂಡು ಆಟಗಾರನ ಕಾರಣದಿಂದ ಅಲುಗಿದರೆ ಒಂದು ಹೊಡೆತ. 1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಹೊಡೆಯಲು ಸಿದ್ಧನಾಗುವಾಗ ಎತ್ತರದ ಹುಲ್ಲಿನಲ್ಲಿ ಅವನ ಚೆಂಡು ಅಲುಗಿತು. ತಾನೇ ಹೇಳಿಕೊಂಡು ದಂಡ ಬರೆಸಿದ. ನಾಲ್ಕು ಸುತ್ತು ಮುಗಿದಾಗ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮನಾಗಿ, ಮರುಪಂದ್ಯದಲ್ಲಿ ಒಂದು ಹೊಡೆತದಿಂದ ಸೋತ. ಆ ಒಂದು ದಂಡ ಇಲ್ಲದಿದ್ದರೆ ಮರುಪಂದ್ಯವೇ ಇರುತ್ತಿರಲಿಲ್ಲ. ಇದು ಗ್ರೀನಿನ ಮೇಲೆ ನಡೆದದ್ದಲ್ಲ, ಆದರೆ ನಿಯಮ ಒಂದೇ. ಬ್ರಹ್ಮಗಿರಿಯ ಬಂಡೆ ಹೇಳುವ ಸತ್ಯ ನುಡಿಯುವಿಕೆ ಆಟದ ಬಯಲಿನಲ್ಲಿ ಹೀಗಿರುತ್ತದೆ.

ಆದರೆ ಆ ನಿಯಮ ಹುಟ್ಟಿದ ಕಾಲದ ನೆಲ ಬೇರೆ, ಇಂದಿನ ನೆಲ ಬೇರೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರ ಮಾಡಿದ ಮೇಲೆ ಕುರಿಯ ಹಲ್ಲಿನ ಕೆಲಸ ಕ್ರಮೇಣ ಉಕ್ಕಿನ ಅಲಗಿಗೆ ಬಂತು. ಇಂದು ದೊಡ್ಡ ಪಂದ್ಯಗಳಲ್ಲಿ ಹುಲ್ಲಿನ ಎತ್ತರ ಕೆಲವೇ ಮಿಲಿಮೀಟರ್. ನಾನು ವಿಜ್ಞಾನ ಓದಿದವನಾದ್ದರಿಂದ ಒಂದು ಸಣ್ಣ ಲೆಕ್ಕ ಮಾಡದೆ ಮುಂದೆ ಹೋಗಲಾರೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬಾತ ರೂಪಿಸಿದ ಸ್ಟಿಂಪ್‌ಮೀಟರ್ ಎಂಬ ಇಳಿಜಾರು ಪಟ್ಟಿಯಿಂದ ಚೆಂಡು ಸೆಕೆಂಡಿಗೆ ಸುಮಾರು 1.83 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಸಮತಟ್ಟಾದ ಗ್ರೀನಿನ ಮೇಲೆ ಅದು 8 ಅಡಿ ಉರುಳಿ ನಿಂತರೆ ಆ ಗ್ರೀನು ನಿಧಾನ, 13 ಅಡಿ ಉರುಳಿದರೆ ಬಲು ವೇಗ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಹುಲ್ಲಿನ ತಡೆ ಸಿಗುತ್ತದೆಂದು ನಿಮ್ಮ ಪಿ.ಯು.ಸಿ. ಭೌತಶಾಸ್ತ್ರ ಹೇಳುತ್ತದೆ. ಅದನ್ನು ಗುರುತ್ವದೊಡನೆ ಹೋಲಿಸಿ. ಮೊದಲನೆಯದರಲ್ಲಿ ನೂರಕ್ಕೆ ಏಳರಷ್ಟು ಇಳಿಜಾರು ಬರುವವರೆಗೂ ಉರುಳುವ ಚೆಂಡು ಕೊನೆಗೆ ನಿಂತೇ ನಿಲ್ಲುತ್ತದೆ. ಎರಡನೆಯದರಲ್ಲಿ ನೂರಕ್ಕೆ ನಾಲ್ಕು ದಾಟಿದರೆ ನಿಲ್ಲುವ ಭರವಸೆ ಇಲ್ಲ. ಆ ಅಂಚಿನಲ್ಲಿ ನಿಂತ ಚೆಂಡನ್ನು ಅಲುಗಿಸಲು ಗಾಳಿಯೊಂದೇ ಸಾಕು. ಅಲುಗಿಸಿದ್ದು ಗಾಳಿಯೋ ಆಟಗಾರನೋ ಎಂದು ಹೇಳುವವರು ಯಾರು?

2016ರ ಜೂನಿನಲ್ಲಿ ಓಕ್‌ಮಾಂಟ್‌ನಲ್ಲಿ ನಡೆದ ಅಮೆರಿಕದ ಓಪನ್ನಿನ ಕೊನೆಯ ದಿನ ಇದೇ ಆಯಿತು. ಐದನೆಯ ಗ್ರೀನಿನ ಮೇಲೆ ಡಸ್ಟಿನ್ ಜಾನ್ಸನ್ ಅವರ ಚೆಂಡು ಕೂದಲೆಳೆಯಷ್ಟು ಹಿಂದಕ್ಕೆ ಸರಿಯಿತು. ತಾನು ಅಲುಗಿಸಲಿಲ್ಲವೆಂದು ಅವರು ಹೇಳಿದರು, ಅಲ್ಲಿದ್ದ ಅಧಿಕಾರಿ ಒಪ್ಪಿದರು. ಹನ್ನೆರಡನೆಯ ಕುಳಿಗೆ ಬರುವಷ್ಟರಲ್ಲಿ, ವಿಡಿಯೋ ನೋಡಿದ್ದೇವೆ, ದಂಡ ಬೀಳಬಹುದು ಎಂಬ ಸುದ್ದಿ ಬಂತು. ಲೆಕ್ಕವೇ ನಿಶ್ಚಯವಿಲ್ಲದೆ ಉಳಿದ ಆಟವನ್ನೆಲ್ಲ ಆಡಬೇಕಾಯಿತು. ಕೊನೆಯಲ್ಲಿ ದಂಡ ಹಾಕಿದರು. ಆದರೂ ಅವರು ಮೂರು ಹೊಡೆತಗಳಿಂದ ಗೆದ್ದರು. ಗೆಲ್ಲದಿದ್ದರೆ ಗಲಾಟೆ ಇನ್ನೂ ದೊಡ್ಡದಾಗುತ್ತಿತ್ತು.

ಇದಕ್ಕೂ ಐದು ವರ್ಷ ಮುಂಚೆ ಅಬುಧಾಬಿಯಲ್ಲಿ ಪ್ಯಾಡ್ರೆಗ್ ಹ್ಯಾರಿಂಗ್ಟನ್ ಗುರುತಿನ ಬಿಲ್ಲೆಯನ್ನು ಎತ್ತುವಾಗ ಬೆರಳು ಚೆಂಡಿಗೆ ಸೋಕಿತ್ತು. ಚೆಂಡು ಅಲುಗಿ ತನ್ನ ಜಾಗದಲ್ಲೇ ನಿಂತಿತೆಂದು ಅವರು ಭಾವಿಸಿದರು. ಮನೆಯಲ್ಲಿ ಕುಳಿತು ನೋಡುತ್ತಿದ್ದ ವೀಕ್ಷಕರೊಬ್ಬರು ಸಂದೇಶ ಕಳಿಸಿದರು. ದಂಡ ಸೇರಿಸದ ಕಾರ್ಡಿಗೆ ಆಗಲೇ ಸಹಿಯಾಗಿದ್ದುದರಿಂದ ಆಟಗಾರನನ್ನೇ ಪಂದ್ಯದಿಂದ ಹೊರಗೆ ಹಾಕಿದರು. 2017ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದಲ್ಲಿ ಲೆಕ್ಸಿ ಥಾಂಪ್ಸನ್ ಅವರಿಗೆ ಆದದ್ದು ಇನ್ನೂ ಕಟು. ಶನಿವಾರ ಹದಿನೇಳನೆಯ ಗ್ರೀನಿನ ಮೇಲೆ ತೀರ ಸಮೀಪದ ಪಟ್‌ಗೆ ಮುನ್ನ ಚೆಂಡನ್ನು ಎತ್ತಿ, ಮತ್ತೆ ಇಡುವಾಗ ಜಾಗ ಒಂದಿಷ್ಟು ಬದಲಾಗಿತ್ತು. ಭಾನುವಾರ ವೀಕ್ಷಕರೊಬ್ಬರ ಪತ್ರ ಬಂತು. ತಪ್ಪು ಜಾಗದಿಂದ ಆಡಿದ್ದಕ್ಕೆ ಎರಡು, ತಪ್ಪು ಕಾರ್ಡಿಗೆ ಸಹಿ ಮಾಡಿದ್ದಕ್ಕೆ ಎರಡು, ಒಟ್ಟು ನಾಲ್ಕು ಹೊಡೆತ. ಮುಂದಿದ್ದವರು ಹಿಂದೆ ಬಿದ್ದರು. ಮತ್ತೆ ಮೇಲೇರಿ ಬಂದು, ಮರುಪಂದ್ಯದಲ್ಲಿ ದಕ್ಷಿಣ ಕೊರಿಯದ ಯೂ ಸೋ ಯೋನ್ ಅವರಿಗೆ ಸೋತರು.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲವೆಂದು ಜನ ನಂಬುತ್ತಾರೆ. ಎಡಿಟಿಂಗ್ ಕೋಣೆಯಲ್ಲಿ ಆಯುಷ್ಯ ಕಳೆಯುವ ನಮಗೆ ಆ ನಂಬಿಕೆ ಅಷ್ಟು ಗಟ್ಟಿ ಇಲ್ಲ. ನಮ್ಮ ದೇಶದ ದೂರದರ್ಶನದ ಹಳೆಯ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಎರಡು ಚಿತ್ರಗಳ ನಡುವೆ 40 ಮಿಲಿಸೆಕೆಂಡು. ದೂರದಿಂದ ಹಿಡಿಯುವ ಮಸೂರ ಹಿಂದುಮುಂದಿನ ಅಂತರವನ್ನು ಚಪ್ಪಟೆ ಮಾಡುತ್ತದೆ. ತುಸು ಪಕ್ಕದಿಂದ ನೋಡಿದರೆ ಬಿಲ್ಲೆಯ ಮುಂದಿನ ಚೆಂಡು ಪಕ್ಕದಲ್ಲಿರುವಂತೆ ಕಾಣುತ್ತದೆ. ಇನ್ನೂ ದೊಡ್ಡ ಅನ್ಯಾಯವೆಂದರೆ ಕ್ಯಾಮೆರಾ ಎಲ್ಲರ ಹಿಂದೆಯೂ ಹೋಗುವುದಿಲ್ಲ. ಮುಂದಿರುವವರ, ಹೆಸರಾದವರ ಹಿಂದೆ ಮಾತ್ರ ಹೋಗುತ್ತದೆ. ಐವತ್ತನೆಯ ಸ್ಥಾನದಲ್ಲಿರುವವನ ಬೆರಳು ಚೆಂಡಿಗೆ ಸೋಕಿದ್ದನ್ನು ಯಾರು ಕಂಡರು? 1992ರಲ್ಲಿ ಡರ್ಬನ್ನಿನಲ್ಲಿ ಸಚಿನ್ ತೆಂಡೂಲ್ಕರ್ ಮೂರನೆಯ ಅಂಪೈರಿನ ತೀರ್ಪಿಗೆ ರನ್‌ಔಟ್ ಆದ ಮೊದಲ ಆಟಗಾರರಾದರು. ಅಲ್ಲಿ ಕ್ಯಾಮೆರಾವನ್ನು ಆಟವೇ ಕರೆದಿತ್ತು, ಎರಡೂ ತಂಡಗಳಿಗೆ ಸಮನಾಗಿ. ಗಾಲ್ಫಿನಲ್ಲಿ ಅದು ಕರೆಯದೆ ಬಂದ ಅಂಪೈರು.

ತಿದ್ದುಪಡಿ ಬೇಗನೆ ಬಂತು. ಗ್ರೀನಿನ ಮೇಲೆ ಆಕಸ್ಮಿಕವಾಗಿ ಚೆಂಡು ಅಲುಗಿಸಿದರೆ ದಂಡವಿಲ್ಲ, ಮೊದಲಿನ ಜಾಗಕ್ಕೆ ಇಟ್ಟರೆ ಸಾಕು ಎಂಬುದನ್ನು 2017ರ ಜನವರಿಯಿಂದ ಸ್ಥಳೀಯ ನಿಯಮವಾಗಿ ಒಪ್ಪಿದರು. ಅದೇ ಏಪ್ರಿಲ್‌ನಲ್ಲಿ ಇನ್ನೊಂದು ತೀರ್ಮಾನವಾಯಿತು: ಬರಿಗಣ್ಣಿಗೆ ಕಾಣಲು ಸಾಧ್ಯವಿಲ್ಲದ ತಪ್ಪನ್ನು ವಿಡಿಯೋದ ಬಲದಿಂದ ಹಿಡಿಯುವಂತಿಲ್ಲ; ಜಾಗ ಗುರುತಿಸುವಾಗ ಆಟಗಾರ ನ್ಯಾಯವಾಗಿ ಮಾಡಬಹುದಾದಷ್ಟು ಮಾಡಿದ್ದರೆ ಅದನ್ನು ಒಪ್ಪಬೇಕು. 2018ರ ಜನವರಿಯಿಂದ ವೀಕ್ಷಕರ ಕರೆ, ಪತ್ರಗಳನ್ನು ಪರಿಗಣಿಸುವುದನ್ನು ನಿಲ್ಲಿಸಿ, ಪ್ರಸಾರವನ್ನು ಗಮನಿಸಲು ಅಧಿಕಾರಿಗಳನ್ನೇ ನೇಮಿಸಿದರು. 2019ರ ಹೊಸ ನಿಯಮಾವಳಿಯಲ್ಲಿ ಬಾವುಟದ ಕೋಲಿನ ದಂಡವೂ ಬೂಟಿನ ಗುರುತಿನ ದಂಡವೂ ಹೋದವು. ಗುರುತಿಲ್ಲದೆ ಚೆಂಡೆತ್ತಿದರೆ ಒಂದು, ತಪ್ಪು ಜಾಗದಿಂದ ಆಡಿದರೆ ಎರಡು, ಉರುಳುತ್ತಿರುವ ಚೆಂಡಿಗೆ ಬೇಕೆಂದೇ ಹೊಡೆದರೆ ಎರಡು, ಇವು ಉಳಿದಿವೆ. ಆಟಗಾರರ ಮಾತಿಗೆ ಮತ್ತೆ ಬೆಲೆ ಬಂದದ್ದು ನನಗೆ ಸಮಾಧಾನದ ಸಂಗತಿ, ಕ್ಯಾಮೆರಾ ಹಿಡಿಯುವ ಕಡೆಯವನಾದರೂ.

ಈ ಹೊಸ ನಿಯಮಗಳ ಕೆಳಗೆ ನಡೆದ ಮೊದಲ ಒಲಿಂಪಿಕ್ಸ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಅಲ್ಲಿ ಮೊದಲ ಮೂರು ದಿನ 67, 66, 68 ಹೊಡೆತಗಳಲ್ಲಿ ಮುಗಿಸಿ ಪದಕದ ಸ್ಥಾನದಲ್ಲಿದ್ದರು. ಆಗಸ್ಟ್ 7ರ ಬೆಳಿಗ್ಗೆ ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಜನ ಪರದೆಯ ಮುಂದೆ ಕುಳಿತರು. ಮಳೆಗುಡುಗಿಗೆ ಆಟ ನಿಂತು ಮತ್ತೆ ಶುರುವಾಯಿತು. ಹದಿನೆಂಟನೆಯ ಗ್ರೀನಿನ ಮೇಲೆ ಅವರ ಪಟ್ ಕುಳಿಗೆ ಬಿದ್ದಿದ್ದರೆ ಒಟ್ಟು 268 ಆಗಿ, ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಅವರ ಸಮಕ್ಕೆ ಬಂದು ಬೆಳ್ಳಿ, ಕಂಚುಗಳ ಮರುಪಂದ್ಯಕ್ಕೆ ಸೇರುತ್ತಿದ್ದರು. ಚೆಂಡು ಕುಳಿಯನ್ನು ತಪ್ಪಿಸಿಕೊಂಡು ಉರುಳಿತು. ಅದಿತಿ ಮತ್ತೊಂದು ಹೊಡೆತದಲ್ಲಿ ಅದನ್ನು ಒಳಗೆ ಹಾಕಿ, 269 ಎಂದಿದ್ದ ಲೆಕ್ಕದೊಡನೆ ನಾಲ್ಕನೆಯವರಾಗಿ ಹೊರಬಂದರು.