ಮೆಟಾವಸ್ತು ಮರೆಮಾಚಿಕೆ: ಇತಿಹಾಸ

ತರಂಗಾಂತರಕ್ಕಿಂತ ಚಿಕ್ಕದಾದ ತಂತಿ, ಉಂಗುರಗಳಂಥ ಘಟಕಗಳನ್ನು ಜೋಡಿಸಿ ರೂಪಿಸಿದ ಕೃತಕ ವಸ್ತುವೇ ಮೆಟಾವಸ್ತು. ಇದರ ನೆರವಿನಿಂದ ಒಂದು ವಸ್ತು ರೇಡಾರ್ ಅಲೆ, ಬೆಳಕು ಮುಂತಾದ ವಿದ್ಯುತ್ಕಾಂತೀಯ ತರಂಗಗಳಿಗೆ ಕಾಣದಂತೆ, ಅಥವಾ ಬೇರೊಂದಾಗಿ ಕಾಣುವಂತೆ ಮಾಡಬಹುದು. ತರಂಗವನ್ನು ವಸ್ತುವಿನ ಸುತ್ತ ಹಾಯಿಸುವುದು, ವಸ್ತುವಿನಿಂದ ಚದುರುವ ಅಲೆಯನ್ನು ರದ್ದುಗೊಳಿಸುವುದು, ಬಂದ ಅಲೆಯನ್ನು ಹೀರಿಕೊಳ್ಳುವುದು ಎಂಬ ಮೂರು ಬೇರೆ ಬೇರೆ ವಿಧಾನಗಳನ್ನು ಬರಹಗಳಲ್ಲಿ ಮರೆಮಾಚಿಕೆ ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು.

ಆರಂಭದ ಬಗ್ಗೆ ಒಮ್ಮತವಿಲ್ಲ. 1898ರಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಹುರಿಮಾಡಿದ ಸೆಣಬಿನ ಕಟ್ಟುಗಳಿಂದ ಸೂಕ್ಷ್ಮತರಂಗಗಳ ಧ್ರುವೀಕರಣದ ದಿಕ್ಕನ್ನು ತಿರುಗಿಸಿದ್ದನ್ನು ಮೆಟಾವಸ್ತುವಿನ ಪೂರ್ವರೂಪವೆಂದು ಹಲವರು ಗಣಿಸುತ್ತಾರೆ. ಅದು ಮರೆಮಾಚುವ ಪ್ರಯೋಗವಾಗಿರಲಿಲ್ಲ. ತರಂಗವನ್ನು ಪ್ರತಿಫಲಿಸದ ವಿಷಮ ವಸ್ತುವಿನ ಗಣಿತವನ್ನು ಸೋವಿಯತ್ ವಿಜ್ಞಾನಿ ಡೋಲಿನ್ 1961ರಲ್ಲೇ ಬರೆದಿದ್ದರು. ಅಲೆಯನ್ನು ಚದುರಿಸದ ಲೇಪಿತ ಕಣಗಳನ್ನು ಕೆರ್ಕರ್ 1975ರಲ್ಲಿ ವಿವರಿಸಿದರು. ಬೆಳಕನ್ನು ಸಾಮಾನ್ಯಕ್ಕೆ ವಿರುದ್ಧ ದಿಕ್ಕಿಗೆ ಬಾಗಿಸುವ ಋಣ ವಕ್ರೀಭವನ ಸೂಚ್ಯಂಕದ ಬಗ್ಗೆ ವೆಸೆಲಾಗೊ 1967ರಲ್ಲಿ ಮಂಡಿಸಿದ ಸಿದ್ಧಾಂತ 2000ದ ಸುಮಾರಿಗೆ ಮೆಟಾವಸ್ತುಗಳ ಮೂಲಕ ಪ್ರಯೋಗಕ್ಕಿಳಿಯಿತು.

2006ರಲ್ಲಿ ಪೆಂಡ್ರಿ, ಶೂರಿಗ್ ಮತ್ತು ಸ್ಮಿತ್ ಒಂದು ಲೇಖನದಲ್ಲಿ, ಲಿಯೋನ್‌ಹಾರ್ಟ್ ಇನ್ನೊಂದರಲ್ಲಿ, ತರಂಗಗಳನ್ನು ವಸ್ತುವಿನ ಸುತ್ತ ಬಳಸಿ ಹಾಯಿಸುವ ಹೊದಿಕೆಯ ಸಿದ್ಧಾಂತವನ್ನು ಪ್ರತ್ಯೇಕವಾಗಿ ಪ್ರಕಟಿಸಿದರು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ತಾಮ್ರದ ಸಿಲಿಂಡರೊಂದರ ಚದರಿಕೆ 8.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕುಗ್ಗಿತು. ಪತ್ರಿಕೆಗಳು ಇದನ್ನು ಅದೃಶ್ಯತೆ ಎಂದು ಬಿತ್ತರಿಸಿದರೂ ಚದರಿಕೆ ಪೂರ್ತಿ ಇಲ್ಲವಾಗಲಿಲ್ಲ. ಫಲ ಕಂಡದ್ದು ಕಿರಿದಾದ ಆವರ್ತಾಂಕ ಪಟ್ಟಿಯಲ್ಲಿ, ಎರಡು ಆಯಾಮಗಳಲ್ಲಿ ಮಾತ್ರ.

ಮಿತಿ ಸ್ಪಷ್ಟವಾದಂತೆ ಗುರಿಯೂ ಕಿರಿದಾಯಿತು. 2008ರಲ್ಲಿ ಲಿ ಮತ್ತು ಪೆಂಡ್ರಿ ಸೂಚಿಸಿದ 'ಜಮಖಾನೆ' ಹೊದಿಕೆ, ವಸ್ತುವನ್ನು ಅಡಗಿಸಿದ ಉಬ್ಬನ್ನು ಸಮತಟ್ಟಾದ ನೆಲದಂತೆ ತೋರಿಸುವಂಥದ್ದು. ಹೊರಗಿನ ಶಕ್ತಿ ಬಳಸದ ಸಾಮಾನ್ಯ ನಿಷ್ಕ್ರಿಯ ಹೊದಿಕೆ ಒಂದು ಆವರ್ತಾಂಕದಲ್ಲಿ ಮರೆಮಾಚಿದರೂ ಎಲ್ಲ ತರಂಗಾಂತರಗಳನ್ನು ಒಟ್ಟಾಗಿ ಲೆಕ್ಕಹಾಕಿದರೆ ಚದರಿಕೆ ಹೆಚ್ಚುತ್ತದೆಂದು ಮೊಂಟಿಕೋನೆ ಮತ್ತು ಅಲು 2013ರಲ್ಲಿ ತೋರಿಸಿದರು.

ಕರ್ನಾಟಕದ ನಂಟು ಎರಡು ಕಡೆಯಿಂದ ಬರುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪಂಚರತ್ನಂ 1956ರಲ್ಲಿ ಗುರುತಿಸಿದ, ಧ್ರುವೀಕರಣ ಬದಲಾಗುವಾಗ ಅಲೆಯಲ್ಲಿ ಉಂಟಾಗುವ ಜ್ಯಾಮಿತೀಯ ಪ್ರಾವಸ್ಥೆಯೇ, ಘಟಕಗಳ ಕೋನ ತಿರುಗಿಸಿ ಅಲೆಯನ್ನು ತಿದ್ದುವ ಇಂದಿನ ಮೆಟಾಮೇಲ್ಮೈಗಳಿಗೆ (ತೆಳು ಮೆಟಾವಸ್ತು ಪದರಗಳಿಗೆ) ಆಧಾರ. ಅದೇ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಬಾಲಮತಿ ಚೌಧುರಿ ಮತ್ತು ಆರ್. ಎಂ. ಝಾ 2013ರಲ್ಲಿ ಮೆಟಾವಸ್ತು ಹೊದಿಕೆಗಳ ಸಮೀಕ್ಷೆಯನ್ನು ಪ್ರಕಟಿಸಿದರು.

2024ರ ನವೆಂಬರ್‌ನಲ್ಲಿ ಐಐಟಿ ಕಾನ್ಪುರ ಅನಾವರಣಗೊಳಿಸಿದ 'ಅನಾಲಕ್ಷ್ಯ'ವನ್ನೂ ಮರೆಮಾಚುವ ವ್ಯವಸ್ಥೆ ಎಂದೇ ಕರೆಯಲಾಗಿದೆ. ಆದರೆ ಅದು ಸೂಕ್ಷ್ಮತರಂಗಗಳನ್ನು ವ್ಯಾಪಕ ಪಟ್ಟಿಯಲ್ಲಿ ಹೀರುವ ಬಟ್ಟೆ. ಹೀಗಾಗಿ 2006ರ ಬಳಸುಹೊದಿಕೆಯ ಸಾಲಿಗೆ ಸೇರದೆ ರೇಡಾರ್ ಹೀರುಕಗಳ ಸಾಲಿಗೆ ಸೇರುತ್ತದೆ.