ಸಾಲಿನ ಎತ್ತರ ಮತ್ತು ಒತ್ತಕ್ಷರ: ಗುಜರಾತಿನ ಮುದ್ರಣ ಹಾಗೂ ಗ್ರಂಥಸೂಚಿಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಗಣಕಯಂತ್ರದಿಂದ ಅಚ್ಚಾಗಿ ಬಂದ ಗ್ರಂಥಸೂಚಿಯೊಂದರಲ್ಲಿ ‘ಪುಟ್ಟಣ್ಣ’ ಎಂಬ ಹೆಸರಿನ ಒತ್ತಕ್ಷರಗಳು ಸಾಲಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋದರೆ ಉಳಿಯುವುದು ‘ಪುಟಣ’. ದತ್ತಸಂಚಯದಲ್ಲಿ ಹೆಸರು ಸರಿಯಾಗಿಯೇ ಇರುತ್ತದೆ; ಕಾಗದದ ಮೇಲೆ ಅದು ಬೇರೊಬ್ಬನ ಹೆಸರಾಗುತ್ತದೆ. ಕನ್ನಡದ ಮಟ್ಟಿಗೆ ಸಾಲಿನ ಎತ್ತರವು ಅಲಂಕಾರದ ವಿಷಯವಲ್ಲ, ಪಾಠಶುದ್ಧಿಯ ವಿಷಯ. ಗುಜರಾತಿನ ಅನುಭವವನ್ನು ಪಕ್ಕದಲ್ಲಿರಿಸಿಕೊಂಡು ಇದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಗುಜರಾತಿ ಲಿಪಿಯ ಇತಿಹಾಸವು ಒಂದರ್ಥದಲ್ಲಿ ಸಾಲಿನ ಇತಿಹಾಸವೇ. ಹತ್ತೊಂಬತ್ತನೆಯ ಶತಮಾನದವರೆಗೆ ಅಲ್ಲಿಯ ಸಾಹಿತ್ಯಕೃತಿಗಳು ಬಹುಮಟ್ಟಿಗೆ ದೇವನಾಗರಿಯಲ್ಲಿದ್ದವು. ತಲೆಗೆರೆಯನ್ನು ಬಿಟ್ಟ ಶೀಘ್ರಬರಹವು ವರ್ತಕರ ಲೆಕ್ಕಪತ್ರಗಳದಾಗಿತ್ತು. ಶರಾಫಿ, ಮಹಾಜನಿ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. 1797ರಲ್ಲಿ ‘ಬಾಂಬೆ ಕೊರಿಯರ್’ ಪತ್ರಿಕೆಯ ಜಾಹೀರಾತೊಂದರಲ್ಲಿ ಈ ಲಿಪಿಯ ಅಚ್ಚುಮೊಳೆಗಳು ಕಾಣಿಸಿಕೊಂಡವು. 1822ರಲ್ಲಿ ‘ಮುಂಬೈ ಸಮಾಚಾರ್’ ಆರಂಭವಾಯಿತು. ಸೂರತ್‌ನಲ್ಲಿ ಲಂಡನ್ ಮಿಷನ್ನಿನವರು ಮುದ್ರಣಾಲಯವನ್ನು ನಡೆಸಿದರು. ಅಹಮದಾಬಾದಿನಲ್ಲಿ 1848ರಲ್ಲಿ ಗುಜರಾತ್ ವರ್ನಾಕ್ಯುಲರ್ ಸೊಸೈಟಿ ಸ್ಥಾಪನೆಗೊಂಡಿತು. ಹೀಗೆ ಅಂಗಡಿಯ ಬರಹವು ಗ್ರಂಥಸ್ಥವಾಯಿತು.

ಗುಜರಾತಿಯಲ್ಲಿ ಸಂಯುಕ್ತಾಕ್ಷರಗಳು ಬಹುತೇಕ ಅರ್ಧರೂಪದಲ್ಲಿ ಪಕ್ಕಪಕ್ಕಕ್ಕೆ ಕೂಡುತ್ತವೆ. ಸಾಲಿನ ಕೆಳಗೆ ಇಳಿಯುವುದು ಉಕಾರದಂತಹ ಕೆಲವು ಚಿಹ್ನೆಗಳು ಮಾತ್ರ. ಕನ್ನಡದಲ್ಲಾದರೋ ಒತ್ತಕ್ಷರವು ಕೆಳಗೇ ನಿಲ್ಲಬೇಕು. ಮೊಳೆ ಜೋಡಿಸುವವರು ಸಾಲುಗಳ ನಡುವೆ ಸೀಸದ ಪಟ್ಟಿಯಿಟ್ಟು ಅದಕ್ಕೆ ಎಡೆ ಮಾಡಿಕೊಡುತ್ತಿದ್ದರು. ಸಾಲಿನ ಎತ್ತರವನ್ನು ನಿರ್ಧರಿಸುತ್ತಿದ್ದುದು ಕೆಲಸಗಾರನ ಕಣ್ಣು. ವಡೋದರೆಯಲ್ಲಿ ಸಯಾಜಿರಾವ್ ಗಾಯಕವಾಡರ ಆಹ್ವಾನದ ಮೇರೆಗೆ 1910ರಲ್ಲಿ ಬಂದ ವಿಲಿಯಂ ಆಲನ್ಸನ್ ಬಾರ್ಡನ್ ಅವರು ಗ್ರಂಥಾಲಯ ವ್ಯವಸ್ಥೆಯನ್ನು ರೂಪಿಸಿದರು. ಅಂದಿನ ಸೂಚಿಪತ್ರಗಳ ಕಾಲದಲ್ಲಿ ಕೈಬರಹವೂ ತನಗೆ ಬೇಕಾದ ಎಡೆಯನ್ನು ತಾನೇ ಮಾಡಿಕೊಳ್ಳಬಲ್ಲದಾಗಿತ್ತು.

ಗಣಕಯಂತ್ರದಲ್ಲಿ ಈ ಹೊಣೆ ಫಾಂಟಿಗೆ ಹೋಯಿತು. 1991ರಲ್ಲಿ ಇಸ್ಕಿ ಸಂಕೇತವು ಭಾರತೀಯ ಮಾನಕವಾಯಿತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದಿತು. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗದ ಇನ್‌ಫ್ಲಿಬ್‌ನೆಟ್ ಯೋಜನೆಯೂ ಆರಂಭವಾಯಿತು. 1996ರಲ್ಲಿ ಸ್ವಾಯತ್ತ ಕೇಂದ್ರವಾಗಿ ಅಹಮದಾಬಾದಿನಲ್ಲಿ ಬೆಳೆದ ಈ ಸಂಸ್ಥೆ ಅನಂತರ ಗಾಂಧಿನಗರಕ್ಕೆ ಸ್ಥಳಾಂತರಗೊಂಡಿತು. ಅದು ರೂಪಿಸಿದ ‘ಸೋಲ್’ ಗ್ರಂಥಾಲಯ ತಂತ್ರಾಂಶದ 2009ರ ಆವೃತ್ತಿಯು ಯೂನಿಕೋಡನ್ನು ಅಳವಡಿಸಿಕೊಂಡಿತು. ಒಂದೇ ಪಟ್ಟಿಯಲ್ಲಿ ರೋಮನ್, ಗುಜರಾತಿ, ಕನ್ನಡ ನಮೂದುಗಳು ಸೇರುವುದು ಇದರಿಂದ ಸುಲಭವಾಯಿತು. ಆದರೆ ಸಂಕೇತಮಾನಕವು ಅಕ್ಷರಗಳ ಗುರುತನ್ನು ನಿಗದಿಪಡಿಸುತ್ತದೆಯೇ ಹೊರತು ಎತ್ತರವನ್ನಲ್ಲ. ಸಾಲಿನ ಮೇಲ್ಮಿತಿ, ಕೆಳಮಿತಿ, ನಡುವಣ ತೆರಪು ಈ ಮೂರನ್ನೂ ಪ್ರತಿಯೊಂದು ಫಾಂಟೂ ತನ್ನೊಳಗೆ ಬೇರೆ ಬೇರೆಯಾಗಿ ಘೋಷಿಸುತ್ತದೆ. ವಿಂಡೋಸ್‌ನೊಡನೆ ಬಂದ ಗುಜರಾತಿಯ ‘ಶ್ರುತಿ’, ಕನ್ನಡದ ‘ತುಂಗಾ’ ಫಾಂಟುಗಳ ಅಳತೆ ರೋಮನ್ ಫಾಂಟುಗಳ ಅಳತೆಯಂತಲ್ಲ.

ಆದ್ದರಿಂದ ವರದಿಯ ಸಾಲಿನ ಎತ್ತರವನ್ನು ರೋಮನ್ನಿಗೆ ತಕ್ಕಂತೆ ಬಿಗಿಗೊಳಿಸಿದರೆ ಒತ್ತಕ್ಷರ ಕತ್ತರಿಸುತ್ತದೆ. ಸಡಿಲ ಬಿಟ್ಟರೆ ಒಂದು ಸಾಲು ಹಿಗ್ಗಿ ಇನ್ನೊಂದು ಕುಗ್ಗಿ ಪುಟವಿಭಾಗವೇ ಕದಲುತ್ತದೆ. ಪರಿಹಾರ ಸರಳ. ಪಟ್ಟಿಯಲ್ಲಿ ಅತಿ ಆಳಕ್ಕೆ ಇಳಿಯುವ ಲಿಪಿಯನ್ನು ಆಧಾರವಾಗಿಟ್ಟುಕೊಂಡು ಎಲ್ಲ ಸಾಲುಗಳಿಗೂ ಒಂದೇ ನಿಖರ ಎತ್ತರವನ್ನು ಕೊಡಬೇಕು. ಪ್ರತಿ ಲಿಪಿಗೂ ಫಾಂಟನ್ನು ಹೆಸರಿಸಬೇಕು. ಖಾಲಿ ಕೋಷ್ಠಕಗಳನ್ನೂ ಬಿಡಬಾರದು. ‘ರಾಷ್ಟ್ರ’, ‘ವೈಶಿಷ್ಟ್ಯ’, ‘ಸ್ತ್ರೀ’ಯಂತಹ ಪದಗಳನ್ನು ಅಚ್ಚು ಮಾಡಿ ನೋಡಬೇಕು. ಕಡತವನ್ನು ಬೇರೆಡೆಗೆ ಕಳುಹಿಸುವಾಗ ಫಾಂಟನ್ನು ಅದರೊಳಗೇ ಅಡಕಗೊಳಿಸಬೇಕು. ಇಲ್ಲವಾದರೆ ಅಲ್ಲಿಯ ಯಂತ್ರವು ಬದಲಿ ಫಾಂಟನ್ನು ತಂದು ಅಳತೆಯನ್ನು ಮತ್ತೆ ಕೆಡಿಸೀತು.

ಹೊರನಾಡಿನ ಸಂಶೋಧಕನಿಗೆ ಅನೇಕ ವೇಳೆ ಮೂಲಗ್ರಂಥಕ್ಕಿಂತ ಮೊದಲು ಕೈಗೆ ಸಿಗುವುದು ಸೂಚಿಯ ಅಚ್ಚುಪ್ರತಿ. ಕನ್ನಡ ಬಾರದ ಗ್ರಂಥಪಾಲಕರು ಆ ಪ್ರತಿಯನ್ನು ನೋಡಿಯೇ ಹೆಸರನ್ನು ಮರುನಕಲು ಮಾಡಿದರೆ ಮುದ್ರಣದ ದೋಷವು ದಾಖಲೆಯ ದೋಷವಾಗಿ ನೆಲೆಗೊಳ್ಳುತ್ತದೆ. ಹಿಂದೆ ಸೀಸದ ಪಟ್ಟಿ ವಹಿಸುತ್ತಿದ್ದ ಎಚ್ಚರವನ್ನು ಇಂದು ಸೂಚಿಯನ್ನು ಸಿದ್ಧಪಡಿಸುವವರು ವಹಿಸಬೇಕಾಗಿದೆ.