ಕೆರೆಯಿಂದ ಬೋರ್‌ವೆಲ್‌ಗೆ: ಚಿಕ್ಕಬಳ್ಳಾಪುರ ಸೀಮೆಯ ಹಲ್ಲು, ಮೂಳೆಗಳ ಚರಿತ್ರೆ

ಮನುಷ್ಯನ ದೇಹದಲ್ಲಿ ಅತ್ಯಂತ ಗಟ್ಟಿಯಾದದ್ದು ಹಲ್ಲಿನ ಮೇಲ್ಪದರವಾದ ಎನಾಮಲ್. ಅದರ ತೂಕದಲ್ಲಿ ಸುಮಾರು ಶೇ 96ರಷ್ಟು ಖನಿಜ; ಹೆಚ್ಚಿನದೆಲ್ಲ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಹರಳು. ಇದನ್ನು ಕಟ್ಟುವವು ಅಮೆಲೊಬ್ಲಾಸ್ಟ್ ಜೀವಕೋಶಗಳು. ವಸಡಿನೊಳಗೆ ಹಲ್ಲು ರೂಪುಗೊಳ್ಳುವಾಗ ಇವು ಮೊದಲು ಪ್ರೋಟೀನಿನ ಹಂದರ ಹಾಕುತ್ತವೆ, ಆಮೇಲೆ ಆ ಪ್ರೋಟೀನನ್ನು ತೆಗೆದು ಹರಳು ಬೆಳೆಯಲು ಜಾಗ ಬಿಡುತ್ತವೆ. ಹಲ್ಲು ಹೊರಗೆ ಬರುವ ಹೊತ್ತಿಗೆ ಈ ಕೋಶಗಳೇ ಇರುವುದಿಲ್ಲ. ಹಾಗಾಗಿ ಎನಾಮಲ್‌ನಲ್ಲಿ ಒಮ್ಮೆ ಉಳಿದ ದೋಷವನ್ನು ದೇಹ ಸರಿಪಡಿಸಲಾರದು. ಮೂಳೆಯ ರೀತಿ ಬೇರೆ. ಅಲ್ಲಿ ಆಸ್ಟಿಯೊಕ್ಲಾಸ್ಟ್ ಕೋಶಗಳು ಹಳೆಯದನ್ನು ಕರಗಿಸುತ್ತ, ಆಸ್ಟಿಯೊಬ್ಲಾಸ್ಟ್ ಕೋಶಗಳು ಹೊಸದನ್ನು ಕಟ್ಟುತ್ತ ಜೀವಮಾನವಿಡೀ ದುಡಿಯುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದರೆ ಎರಡೂ ಕೆಡುತ್ತವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಕುಡಿಯುವ ನೀರು ಬದಲಾದ ಚರಿತ್ರೆ ಈ ಅಂಗಾಂಶಗಳಲ್ಲೇ ದಾಖಲಾಗಿದೆ.

ಈ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ನಂದಿ ಬೆಟ್ಟಗಳ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿ ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಅದಕ್ಕೇ ಹಿಂದಿನವರು ಸಾಲುಸಾಲಾಗಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ತೂಬು ಎತ್ತಿ ಗದ್ದೆಗಳಿಗೆ ಹಂಚಲು ನೀರುಗಂಟಿ. ಬಾವಿಯಿಂದ ತೋಟಕ್ಕೆ ನೀರೆತ್ತಲು ಜೋಡೆತ್ತಿನ ಕಪಿಲೆ. ಕುಡಿಯುವುದಕ್ಕೆ ಸಿಹಿನೀರಿನ ತೆರೆದ ಬಾವಿ, ಕಲ್ಯಾಣಿ. ಅದು ಇತ್ತೀಚಿನ ಮಳೆಯ ನೀರು. ಬಂಡೆಯೊಂದಿಗೆ ಬಹುಕಾಲ ಬೆರೆತದ್ದಲ್ಲವಾದ್ದರಿಂದ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ.

ಆ ನೀರಿಗೂ ತನ್ನದೇ ಅಪಾಯವಿತ್ತು: ಕಾಲರಾ, ಭೇದಿ, ಮೆಟ್ಟಿಲು ಬಾವಿಗಳಿಂದ ಹರಡುತ್ತಿದ್ದ ನಾರುಹುಣ್ಣು. 1970 ಮತ್ತು 80ರ ದಶಕಗಳಲ್ಲಿ ಊರೂರಿಗೆ ಕೈಪಂಪಿನ ಬೋರ್‌ವೆಲ್ ಬಂದದ್ದು ರೋಗ ತಡೆಯಲು, ಬರಗಾಲ ದಾಟಲು. ಆ ಅಗತ್ಯ ನಿಜವಾದದ್ದೇ. ಆದರೆ ಕೆರೆಗಳ ಹೂಳು ತೆಗೆಯದೆ, ರಾಜಕಾಲುವೆಗಳನ್ನು ಒತ್ತುವರಿಗೆ ಬಿಟ್ಟದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿಗೆ ಪಂಪ್‌ಸೆಟ್‌ಗಳು ಹೆಚ್ಚಿದವು, ತೆರೆದ ಬಾವಿಗಳು ಬತ್ತಿದವು. ಕೆಲವು ನೂರು ಅಡಿಗೆ ಸಿಗುತ್ತಿದ್ದ ನೀರಿಗಾಗಿ ಸಾವಿರ ಅಡಿ ದಾಟಿ ಕೊರೆಯುವ ಸ್ಥಿತಿ ಬಂತು.

ಆಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಇವುಗಳ ಅಪಟೈಟ್, ಬಯೊಟೈಟ್‌ನಂಥ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಿರುಕುಗಳಲ್ಲಿ ದೀರ್ಘಕಾಲ ನಿಂತ, ಬೈಕಾರ್ಬನೇಟ್ ಹೆಚ್ಚಿ ಕ್ಯಾಲ್ಸಿಯಂ ತಗ್ಗಿದ ನೀರು ಅದನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಅವಕಾಶ. ಈ ಸೀಮೆಯ ಹಲವು ಬೋರ್‌ವೆಲ್‌ಗಳು ಆ ಗಡಿ ದಾಟಿವೆ.

ಈ ಫ್ಲೋರೈಡ್ ಕಾಯಿಲೆಯ ಮೂಲ ತಿಳಿದದ್ದು ಬೇರೆಡೆ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ 1901ರಿಂದ ಕಂಡ ಕಂದು ಹಲ್ಲುಗಳಿಗೆ ನೀರಿನ ಫ್ಲೋರೈಡ್ ಕಾರಣವೆಂದು ಗೊತ್ತಾದದ್ದು 1931ರಲ್ಲಿ. ಭಾರತದಲ್ಲಿ ಇದನ್ನು 1937ರಲ್ಲಿ ವರದಿ ಮಾಡಿದವರು ಎಚ್. ಇ. ಶಾರ್ಟ್ ಮತ್ತು ಸಂಗಡಿಗರು. ಅವರು ಅಧ್ಯಯನ ಮಾಡಿದ್ದು ನೆಲ್ಲೂರು ಜಿಲ್ಲೆಯಲ್ಲಿ. ಗೌರಿಬಿದನೂರನ್ನು ಹಾದುಹೋಗುವ ಉತ್ತರ ಪಿನಾಕಿನಿ ಸಮುದ್ರ ಸೇರುವುದೂ ಅದೇ ಜಿಲ್ಲೆಯಲ್ಲಿ.

ಹಲ್ಲಿನಲ್ಲಿ ಮೊದಲು ಕಾಣುವುದು ಅಡ್ಡಡ್ಡ ಎಳೆದ, ಸುಣ್ಣದಂಥ ಬಿಳಿ ಗೆರೆಗಳು. ಫ್ಲೋರೈಡಿನಿಂದಾಗಿ ಪ್ರೋಟೀನು ಪೂರ್ತಿ ಹೋಗದೆ ಉಳಿದು, ಎನಾಮಲ್‌ನಲ್ಲಿ ಸಣ್ಣ ರಂಧ್ರಗಳಾಗುತ್ತವೆ. ಅವಕ್ಕೆ ಬಣ್ಣ ಹಿಡಿದು ಹಲ್ಲು ಹಳದಿ, ಕಂದು ಆಗುತ್ತದೆ. ಎಷ್ಟು ಉಜ್ಜಿದರೂ ಆ ಕರೆ ಹೋಗದು. ಶಾಶ್ವತ ಹಲ್ಲುಗಳು ರೂಪುಗೊಳ್ಳುವುದು ಬಹುಪಾಲು ಎಂಟು ವರ್ಷದೊಳಗೆ. ಆದ್ದರಿಂದ ಕರೆ ಕಟ್ಟಿದ ಹಲ್ಲು ಆ ವ್ಯಕ್ತಿ ಬಾಲ್ಯದಲ್ಲಿ ಕುಡಿದ ನೀರಿಗೆ ಸಾಕ್ಷಿ.

ಮೂಳೆ ಕೆಡುವುದು ನಿಧಾನ. ಹರಳಿನ ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ, ಆಸ್ಟಿಯೊಬ್ಲಾಸ್ಟ್‌ಗಳು ಕೆರಳಿ ಅಡ್ಡಾದಿಡ್ಡಿಯಾಗಿ ಮೂಳೆ ಕಟ್ಟುತ್ತವೆ, ಅಸ್ಥಿಬಂಧಗಳಲ್ಲೂ ಸುಣ್ಣ ಸೇರುತ್ತದೆ. ಕತ್ತು, ಬೆನ್ನು ಬಿಗಿಯುತ್ತವೆ. ತೀವ್ರವಾದಾಗ ಪಕ್ಕಕ್ಕೆ ನೋಡಲು ಇಡೀ ದೇಹವನ್ನೇ ತಿರುಗಿಸಬೇಕು, ಕುಕ್ಕರುಗಾಲಲ್ಲಿ ಕೂರಲಾಗದು. ಫ್ಲೋರೈಡ್ ಪೀಡಿತ ಊರುಗಳಲ್ಲಿ ಹದಿಹರೆಯದವರ ಮೊಣಕಾಲು ಒಳಕ್ಕೆ ಬಾಗುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಸಂಶೋಧಕರು 1973ರಲ್ಲಿ ವಿವರಿಸಿದರು. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಹಾನಿ ಹೆಚ್ಚು.

ಪರಿಹಾರವಾಗಿ ನಾಗಪುರದ ನೀರಿ ಸಂಸ್ಥೆ ಪಟಿಕ, ಸುಣ್ಣ ಬಳಸುವ ನಲ್ಗೊಂಡ ವಿಧಾನವನ್ನು ರೂಪಿಸಿತು. ಈಗ ಹಳ್ಳಿಗಳಲ್ಲಿರುವುದು ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು. 2018ರಿಂದ ಕೆ.ಸಿ. ವ್ಯಾಲಿ, ಆಮೇಲೆ ಎಚ್.ಎನ್. ವ್ಯಾಲಿ ಯೋಜನೆಗಳು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಚಿಂತಾಮಣಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ತಂದವು. ಅದು ಅಂತರ್ಜಲ ಮರುಪೂರಣಕ್ಕೇ ಹೊರತು ಕುಡಿಯಲಿಕ್ಕಲ್ಲ. ಈ ಸೀಮೆಗೆ ಕುಡಿಯುವ ನೀರು ತರಬೇಕಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು.

ಕಾಯಿಸಿದರೆ ನೀರಿನ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಘಟಕದ ನೀರನ್ನು ಕುಡಿಯಲಷ್ಟೇ ಇಟ್ಟುಕೊಂಡು ಅಡುಗೆಗೆ ಬೋರ್‌ವೆಲ್ ನೀರನ್ನೇ ಬಳಸುವ ಮನೆಗಳುಂಟು. ಎಳೆಯ ಮಕ್ಕಳಿರುವ ಮನೆಯಲ್ಲಿ ಮುದ್ದೆಯ ಎಸರಿಗೂ ಫ್ಲೋರೈಡ್ ತೆಗೆದ ನೀರನ್ನೇ ಇಡಬೇಕು.